ಕೌದಿಗೆ ಬೆಲೆ ಕಟ್ಟುವವರು ಯಾರು?

ಹಿಂದಿನ ಚಳಿಗಾಲದಲ್ಲಿ ಕಾರ್ಯನಿಮಿತ್ತವಾಗಿ ಸುರಪುರಕ್ಕೆ ಹೋಗಿದ್ದ ನಾವು ಅಲ್ಲಿಯ ಮಿತ್ರರೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಮಿತ್ರರು ಸರಕಾರಿ ಅಧಿಕಾರದಲ್ಲಿರುವವರು, ಓದಿದವರು, ಕಲಾಭಿಮಾನಿಗಳು. ಪಡಸಾಲೆಯಲ್ಲಿ ಸುರಪುರ ಸಂಪ್ರದಾಯದ ಚಿತ್ರವೊಂದರ ಪ್ರತಿಯನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ತೂಗುಹಾಕಿದ್ದಾರೆ. ಊಟವಾದ ಬಳಿಕ ಅವರ ವೃದ್ಧ ಮಾತೃಶ್ರೀಯವರು ನಮಗಾಗಿ ಒಂದು ಕೌದಿಯನ್ನು ತಂದು ಹಾಸಿದರು. ಅದನ್ನು ಕಂಡೊಡನೆ ಮಿತ್ರರ ಮುಖವು ಸಣ್ಣದಾಯಿತು. "ಅವ್ವಾ, ಅದನ್ನ ತಗಿ. ದೊಡ್ಡವರು ಬಂದಾರ" ಎಂದು ತಾವೇ ಅದನ್ನು ಸುತ್ತಿ ಮೂಲೆಗಿಟ್ಟು, ಪೇಟೆಯಿಂದ ತಂದ, ಹುಲಿಯ ಚಿತ್ರವಿರುವ ಮೆತ್ತನೆಯ ರಗ್ಗನ್ನು ಹಾಸಿದರು. "ಥಂಡಿಗೆ ದೊಡ್ಡವರು ಸಣ್ಣವರು ತಿಳೀತದೇನಪಾ?" ಎಂದಷ್ಟೇ ಅಂದು ಆ ತಾಯಿಯವರು ಒಳಗೆ ಹೋದರು. ನಾವು ಬಾಯಿ ಬಿಡಲಿಲ್ಲ. ಅದು ಅತಿಥಿಯ ಸಂಕೋಚವೆಂದು ವಾಚಕರು ಕ್ಷಮಿಸಬೇಕು. ಅಂದು ಆಡದೆ ಉಳಿದ ಮಾತನ್ನು ಇಂದು ಈ ಅಂಕಣದಲ್ಲಿ ಆಡುತ್ತಿದ್ದೇವೆ.

ಮೂಲೆ ಸೇರಿದ ಆ ವಸ್ತುವಿನ ಒಡಹುಟ್ಟುಗಳು 2011ನೆಯ ಇಸವಿಯಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ವಿಭಾಗದಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದ್ದವೆಂದು ಹೇಳಿದರೆ ನಮ್ಮ ಮಿತ್ರರು ನಂಬಲಾರರು. ಆಫ್ರಿಕಾ ಮೂಲದ ಜನರ ಇತಿಹಾಸವನ್ನು ಕಾಪಾಡಿಡುವದಕ್ಕಾಗಿಯೇ ಇರುವ ಆ ಪ್ರಸಿದ್ಧ ಸಂಸ್ಥೆಯಲ್ಲಿ ಪ್ರದರ್ಶನಗೊಂಡ ಕೌದಿಗಳನ್ನು ಹೊಲಿದವರು ಪರದೇಶದವರಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಡವಿಯಂಚಿನ ಹಳ್ಳಿಗಳಲ್ಲಿರುವ ಸಿದ್ದಿ ಹೆಂಗಸರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಎಂಬವರು ಆ ಹಳ್ಳಿಗಳಲ್ಲಿ ತಿರುಗಾಡಿ, ಹೊಲಿಯುವ ಕೈಗಳನ್ನು ಬಹುದಿನ ನೋಡಿ, ಆ ಕೌದಿಗಳನ್ನು ಹೊರಜಗತ್ತಿಗೆ ಪರಿಚಯ ಮಾಡಿಕೊಟ್ಟರು. ಹೊಲಿಗೆಗಾರ್ತಿಯರದೇ ಒಂದು ಸಹಕಾರಿ ಸಂಘವೂ ಹುಟ್ಟಿತು. ಯಾದಗಿರಿಯಿಂದ ಯಲ್ಲಾಪುರವು ಒಂದು ಹಗಲಿನ ಪ್ರಯಾಣದಷ್ಟು ದೂರ. ಅಲ್ಲಿಯ ವಾರ್ತೆಯು ಅಟ್ಲಾಂಟಿಕ ಸಾಗರವನ್ನು ಎರಡು ಸಲ ದಾಟಿ ನಮಗೆ ಮುಟ್ಟಬೇಕಾಯಿತೆಂಬುದು ನಮ್ಮ ಪತ್ರಿಕಾವೃತ್ತಿಗೇ ನಾಚಿಕೆಯ ಸಂಗತಿ.

ಆಫ್ರಿಕಾ ಮೂಲದವರೆಂದರೆ ನಮ್ಮ ಸೀಮೆಗೆ ಸಂಬಂಧವಿಲ್ಲದವರೆಂದು ಯಾರೂ ಭಾವಿಸಬಾರದು. ಸುರಪುರ, ಶಹಾಪುರ, ಯಾದಗಿರಿಗಳು ವಿಜಾಪುರದ ಆದಿಲಶಾಹಿಯ ಏಳುಬೀಳುಗಳನ್ನು ನೆರೆಯಲ್ಲಿಯೇ ನಿಂತು ಕಂಡ ಪ್ರಾಂತಗಳು. ಆ ದರ್ಬಾರಿನಲ್ಲಿ ಹಬಶಿ ಸರದಾರರು ದೊಡ್ಡ ಅಧಿಕಾರಗಳನ್ನು ನಡೆಸಿದರು. ಮಹಮ್ಮದ ಆದಿಲಶಹನ ಕಾಲದ ಪ್ರಬಲ ಮಂತ್ರಿಯಾದ ಇಖ್ಲಾಸಖಾನನು ಆಫ್ರಿಕಾ ಮೂಲದವನು. ಅವನ ಚಿತ್ರಪಟಗಳು ಇಂದಿಗೂ ಉಳಿದಿವೆ. ರಾಜ್ಯದ ಕೊನೆಗಾಲದಲ್ಲಿ ಆಡಳಿತ ಸೂತ್ರ ಹಿಡಿದು, ಆದವಾನಿಯಲ್ಲಿ ನೆಲೆ ನಿಂತ ಸಿದ್ದಿ ಮಸೂದನೂ ಅಂಥವನೇ. ನೆರೆಯ ಅಹಮದನಗರದ ಮಲಿಕ್ ಅಂಬರನಂತೂ ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ದಖ್ಖನಿಗೆ ಬಂದು, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರ ಸೇನೆಗಳಿಗೆ ನಿದ್ದೆ ಬಾರದಂತೆ ಮಾಡಿದ ಕಥೆಯು ಇತಿಹಾಸ ಓದಿದವರೆಲ್ಲರಿಗೂ ಗೊತ್ತು. ಇವರು ಖಡ್ಗದಿಂದ ತಮ್ಮ ಹೆಸರನ್ನು ಬರೆದುಕೊಂಡವರು.

ಘಟ್ಟದ ಸಿದ್ದಿಗಳ ಪಾಡು ಬೇರೆ. ಅವರ ಪೂರ್ವಜರಲ್ಲಿ ಬಹುಭಾಗವು ಮೊಝಾಂಬಿಕ್ ಮುಂತಾದ ಪೂರ್ವ ಆಫ್ರಿಕದ ಸೀಮೆಗಳಿಂದ ಪೋರ್ತುಗೀಜರ ಹಡಗುಗಳಲ್ಲಿ ಸರಕಿನಂತೆ ತುಂಬಿ ಗೋವೆಗೆ ತರಲ್ಪಟ್ಟವರು. ದಾಸ್ಯವನ್ನು ತಾಳಲಾರದೆ ಓಡಿಬಂದವರೂ, ಬಿಡುಗಡೆ ಹೊಂದಿದವರೂ ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡಗಳ ಅಡವಿಗಳನ್ನು ಸೇರಿದರು. ಬ್ರಿಟಿಷ್ ಹಿಂದುಸ್ಥಾನದಲ್ಲಿ ದಾಸ್ಯಕ್ಕೆ ಕಾಯದೆಯ ಮನ್ನಣೆ ತಪ್ಪಿದ್ದು 1843ರಲ್ಲಿ. ಪೋರ್ತುಗೀಜರ ರಾಜ್ಯದಲ್ಲಿ ಅದು ಕಾಯದೆಯಿಂದ ರದ್ದಾದದ್ದು 1869ರಲ್ಲಿ. ಹೀಗೆ ಬಂದವರ ಸಂಗಡ ಪೆಟ್ಟಿಗೆ ಬರಲಿಲ್ಲ, ಗಂಟು ಬರಲಿಲ್ಲ. ತಾಯಿನುಡಿಯು ತಲೆಮಾರುಗಳಲ್ಲಿ ಕರಗಿ ಕೊಂಕಣಿ ಕನ್ನಡಗಳು ನಾಲಿಗೆಗೆ ಬಂದವು. ಕೆಲವರು ಹಿಂದೂಗಳಾದರು, ಕೆಲವರು ಮುಸಲ್ಮಾನರು, ಕೆಲವರು ಕ್ರೈಸ್ತರು. ಹೆಸರು ಸಹ ಒಡೆಯರು ಇಟ್ಟದ್ದೇ. ಮೈಯ ಬಣ್ಣವನ್ನೂ, ದಮಾಮದ ಬಡಿತವನ್ನೂ ಬಿಟ್ಟರೆ ಹಿಂದಿನ ದೇಶದ ಗುರುತು ಹೇಳಿಕೊಳ್ಳುವದಕ್ಕೆ ಅವರಲ್ಲಿ ಮತ್ತೇನೂ ಉಳಿಯಲಿಲ್ಲ. ಇಂಥವರ ಹೆಂಗಸರು, ಕೂಲಿ ಮುಗಿಸಿ ಬಂದ ಮೇಲೆ, ಊರವರು ಉಟ್ಟು ಹರಿದು ಬಿಸಾಟ ಬಟ್ಟೆಯನ್ನು ಕೈಗೆತ್ತಿಕೊಂಡರು.

ಆ ಹೊಲಿಗೆಯ ಕ್ರಮವನ್ನು ಸ್ವಲ್ಪ ವಿವರಿಸುವದು ಅವಶ್ಯ. ಏಕೆಂದರೆ ಕೌದಿಯೆಂದರೆ ಹರಕುಗಳನ್ನು ಹೇಗಾದರೂ ಜೋಡಿಸಿದ್ದೆಂಬ ತಪ್ಪು ತಿಳುವಳಿಕೆ ನಮ್ಮ ಸುಶಿಕ್ಷಿತರಲ್ಲಿ ಬಲವಾಗಿದೆ. ಹಳೆಯ ನೂಲಿನ ಸೀರೆಯೊಂದು ಅಡಿಪಾಯ. ಅದರ ಒಂದು ಮೂಲೆಯಿಂದ ಹೊಲಿಗೆ ಪ್ರಾರಂಭ. ತುಂಡುಗಳನ್ನು ಅಂಚಿನಗುಂಟ ಇಡುತ್ತ, ಒಂದರ ತುದಿಯನ್ನು ಇನ್ನೊಂದರ ಕೆಳಗೆ ಮಡಿಸುತ್ತ, ಸಾಲು ಸಾಲಾಗಿ ಸಣ್ಣ ಹೊಲಿಗೆ ಹಾಕುತ್ತ ನಾಲ್ಕೂ ದಿಕ್ಕಿಗೆ ಸುತ್ತಿ ಬರಬೇಕು. ಪ್ರದಕ್ಷಿಣೆ ಹಾಕಿದಂತೆ ಸುತ್ತು ಚಿಕ್ಕದಾಗುತ್ತ ನಡುವಿಗೆ ಬಂದಾಗ ಕೌದಿ ಮುಗಿಯಿತು. ಕಾಗದದ ಮೇಲೆ ಬರೆದ ನಕಾಶೆ ಇಲ್ಲ. ಕೆಂಪಿನ ಪಕ್ಕಕ್ಕೆ ಯಾವದು, ಹಸುರಿನ ಎದುರಿಗೆ ಯಾವದು ಎಂಬುದನ್ನು ಆ ಗಳಿಗೆಯಲ್ಲಿ ಕಣ್ಣು ನಿರ್ಣಯಿಸುತ್ತದೆ. ಮೂಲೆಗಳಿಗೆ ಬಟ್ಟೆಯನ್ನು ಮುಮ್ಮೂಲೆಯಾಗಿ ಹಲವು ಪದರು ಮಡಿಸಿ ಇಡುವ ಅಲಂಕಾರಕ್ಕೆ ಅವರು ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಬತ್ತಲೆ ಕೌದಿ. ಕ್ರೈಸ್ತ ಹೆಂಗಸಿನ ಕೌದಿಯಲ್ಲಿ ಶಿಲುಬೆಯೂ, ಮುಸಲ್ಮಾನ ಹೆಂಗಸಿನದರಲ್ಲಿ ಅರ್ಧಚಂದ್ರವೂ ಕಾಣಿಸಿಕೊಳ್ಳುವದುಂಟು. ಹೊದ್ದರೆ ಥಂಡಿ ಕಳೆದೀತು ಎಂಬಷ್ಟೇ ಉದ್ದೇಶವಾಗಿದ್ದರೆ ಹೂವಿನ ಗೊಡವೆ ಏತಕ್ಕೆ? ಒಡೆಯನು ಇಟ್ಟ ಹೆಸರನ್ನು ಹೊತ್ತು ಬದುಕಿದ ಕುಲದ ಹೆಂಗಸು, ತಾನೇ ಆರಿಸಿದ ಬಣ್ಣದಲ್ಲಿ ತನ್ನ ಗುರುತನ್ನು ತಾನೇ ಬರೆದುಕೊಂಡಳೆಂದು ನಾವು ಇದನ್ನು ಓದುತ್ತೇವೆ.

ಇದು ಆಫ್ರಿಕದ ಕಲೆಯೋ ಕರ್ನಾಟಕದ ಕಲೆಯೋ ಎಂದು ಪಂಡಿತರು ಚರ್ಚಿಸುವದುಂಟು. ಬಣ್ಣಗಳನ್ನು ಧೈರ್ಯವಾಗಿ ಎದುರುಬದುರು ನಿಲ್ಲಿಸುವ ಅವರ ರೀತಿಯಲ್ಲಿ ಸಮುದ್ರದಾಚೆಯ ನೆನಪನ್ನು ಕಾಣುವವರಿದ್ದಾರೆ. ನಮ್ಮ ಅಲ್ಪಮತಿಗೆ ತೋಚುವದಿಷ್ಟು: ಹೆಸರು ನಮ್ಮದೇ, ಸೀರೆ ನಮ್ಮದೇ, ಸೂಜಿಯ ನಡೆಯೂ ನಮ್ಮ ಹೆಂಗಸರದೇ, ಅದರ ಮೇಲೆ ಮೂಡಿದ ಮನಸ್ಸು ಮಾತ್ರ ಅವರದು. ಕನ್ನಡ ನಾಡು ಅವರಿಗೆ ಏನನ್ನಾದರೂ ಸಂಕೋಚವಿಲ್ಲದೆ ಕೊಟ್ಟಿದ್ದರೆ ಅದು ಈ ಕೌದಿ. ಅದೂ ನಾವು ಒಗೆದ ಬಟ್ಟೆಯಿಂದ.

ನಮ್ಮ ಮೂರೂ ಊರುಗಳಲ್ಲಿ ಕೌದಿಯಿಲ್ಲದೆ ಬೆಳೆದವರು ಯಾರಿದ್ದಾರೆ? ಇಳಕಲ್ಲ ಸೀರೆಯ ಸೆರಗು, ಅಜ್ಜನ ಧೋತರ, ಹಬ್ಬದ ಕುಬಸದ ತುಂಡು, ಸತ್ತ ಕೂಸಿನ ಅಂಗಿ, ಇವೆಲ್ಲವೂ ಅದರಲ್ಲಿವೆ. ನಮ್ಮ ಮಾತೃಶ್ರೀಯವರು ಕೌದಿ ಮುಗಿಸುವ ದಿನ ನಡುವಿನಲ್ಲಿ ಅಂಗೈಯಗಲ ಜಾಗ ಬಿಟ್ಟು, ಒಂದು ಚೂರು ರೊಟ್ಟಿಯನ್ನು ಒಳಗಿಟ್ಟು ಕೊನೆಯ ತುಂಡನ್ನು ಹೊಲಿಯುತ್ತಿದ್ದರು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂಬುದು ಅವರ ನಂಬಿಕೆ. ಬರಗಾಲ ಕಂಡ ಸೀಮೆಯ ಹೆಂಗಸು ಹೊದಿಕೆಗೂ ಉಣ್ಣಿಸಿ ಕಳಿಸುತ್ತಾಳೆ! ಮನೆ ಮನೆಗೆ ಬಂದು ಕೂಲಿಗೆ ಹೊಲಿದುಕೊಡುವ ಗೋಂದಳಿ ಮುಂತಾದ ಅಲೆಮಾರಿ ಜನದ ಹೆಂಗಸರೂ ಇದ್ದರು. ಈಗ ಅವರ ಕೂಗು ಅಪರೂಪವಾಗಿದೆ. ಯಾದಗಿರಿಯ ರೈಲು ನಿಲ್ದಾಣದಲ್ಲಿ ಮುಂಬಯಿ ಬೆಂಗಳೂರುಗಳ ಗಾಡಿಗಾಗಿ ಕಾಯುತ್ತ ಕುಳಿತ ಗುಳೆಯ ಕುಟುಂಬಗಳನ್ನು ನೋಡಿರಿ. ಮನೆಗೆ ಬೀಗ ಹಾಕಿ ಹೊರಟವರು ಹೊತ್ತುಕೊಂಡು ಬಂದ ಗಂಟಿನ ಹೊರಸುತ್ತು ಬಹುಶಃ ಕೌದಿಯೇ ಆಗಿರುತ್ತದೆ. ಪರಸ್ಥಳದಲ್ಲಿ ತಗಡಿನ ಗುಡಿಸಲೊಳಗೆ ಅದನ್ನು ಹಾಸಿದ ಮೇಲೆಯೇ ಅದು ಮನೆಯೆನಿಸಿಕೊಳ್ಳುತ್ತದೆ.

ಬಿಸಾಟ ವಸ್ತುವಿನಿಂದ ಕಲೆ ಹುಟ್ಟೀತೇ ಎಂದು ಹುಬ್ಬೇರಿಸುವವರು ಆಫ್ರಿಕಾ ಖಂಡದ ಕಡೆಗೊಮ್ಮೆ ನೋಡಬೇಕು. 1944ರಲ್ಲಿ ಘಾನಾ ದೇಶದಲ್ಲಿ ಹುಟ್ಟಿ ನೈಜೀರಿಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಎಲ್ ಅನಾಟ್ಸುಯಿ ಎಂಬ ಕಲಾವಿದರು ಮದ್ಯದ ಸೀಸೆಗಳ ಮುಚ್ಚಳಗಳನ್ನು ಸಾವಿರಗಟ್ಟಲೆ ಕೂಡಿಸಿ, ಬಡಿದು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಪೋಣಿಸಿ ಗೋಡೆಯಷ್ಟಗಲದ ವಸ್ತ್ರಗಳನ್ನು ಮಾಡುತ್ತಾರೆ. ದೂರದಿಂದ ನೋಡಿದರೆ ಜರತಾರಿಯ ಪೀತಾಂಬರ. ಹತ್ತಿರ ಹೋದರೆ ಹೆಂಡದ ಬಿರಡೆ. ಅದೂ ಸುಮ್ಮನೆ ಆರಿಸಿದ್ದಲ್ಲ. ಯುರೋಪಿಯನ್ನರು ಆಫ್ರಿಕದ ತೀರಕ್ಕೆ ತಂದು ಮಾರಿದ ಸರಕುಗಳಲ್ಲಿ ಮದ್ಯವೂ ಒಂದು. ಮನುಷ್ಯರನ್ನು ಕೊಳ್ಳುವ ವ್ಯಾಪಾರದಲ್ಲಿ ಅದು ನಾಣ್ಯದಂತೆ ಚಲಾವಣೆಯಾಯಿತು. ಆ ಅವಮಾನದ ತುಣುಕುಗಳಿಂದಲೇ ಅವರು ಅಜ್ಜಂದಿರ ರಾಜವಸ್ತ್ರವನ್ನು ಮರಳಿ ನೇಯ್ದರು. 2015ರಲ್ಲಿ ವೆನಿಸ್ ನಗರದ ಜಗತ್ಪ್ರಸಿದ್ಧ ಕಲಾಮೇಳದಲ್ಲಿ ಅವರ ಜೀವಮಾನದ ಸಾಧನೆಗೆ ಸುವರ್ಣ ಸಿಂಹ ಪ್ರಶಸ್ತಿ ದೊರೆಯಿತು. ಸಿದ್ದಿಗಳ ಮೂಲದೇಶಗಳಲ್ಲೊಂದಾದ ಮೊಝಾಂಬಿಕಿನ ಗೊನ್ಸಾಲೊ ಮಬುಂಡಾ ಎಂಬವರು, 1992ರಲ್ಲಿ ಮುಗಿದ ಅಲ್ಲಿಯ ಅಂತರ್ಯುದ್ಧದಲ್ಲಿ ಉಪಯೋಗವಾದ ಬಂದೂಕುಗಳ ಮುರುಕುಗಳಿಂದ ಮುಖವಾಡಗಳನ್ನೂ ಸಿಂಹಾಸನಗಳನ್ನೂ ಮಾಡಿದ್ದಾರೆ. ಯಾರ ಎದೆಗೆ ಗುರಿಯಿಟ್ಟಿತ್ತೋ ಅವರೇ ಈಗ ಅದರ ಮೇಲೆ ಕೂಡಬಹುದು.

ಇನ್ನು ನಮ್ಮ ಮಿತ್ರರ ಗೋಡೆಯ ಮೇಲಿದ್ದ ಚಿತ್ರದ ವಿಷಯ. ಸುರಪುರದ ಚಿತ್ರಕಲೆಯ ಬಗ್ಗೆ ನಮಗಿರುವ ಅಭಿಮಾನವು ಯಾರಿಗೂ ಕಡಿಮೆಯದಲ್ಲ. ಆ ಸಣ್ಣ ಕುಂಚದ ಗೆರೆಗಳನ್ನೂ ಬಂಗಾರದ ರೇಕಿನ ಹೊಳಪನ್ನೂ ನೋಡಿ ಬೆರಗಾಗದವರಿಲ್ಲ. ಆದರೆ ಅದು ಅರಮನೆಯ ಅನ್ನ ಉಂಡ ಕಲೆ. ನಾಯಕ ದೊರೆಗಳ ಕೈ ಮೇಲಿದ್ದಷ್ಟು ದಿನ ಬೆಳೆಯಿತು. ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಮೇಲೆ ಕತ್ತಿಯೆತ್ತಿ 1858ರಲ್ಲಿ ಅಂತ್ಯ ಕಂಡು, ಸಂಸ್ಥಾನವೇ ಮುಳುಗಿದ ಬಳಿಕ ಕುಂಚ ಹಿಡಿದವರಿಗೆ ಆಸರೆ ತಪ್ಪಿತು. ಅದೇ ಊರಿನ ಅದೇ ಓಣಿಗಳಲ್ಲಿ ಕೌದಿ ಹೊಲಿಯುವ ಹೆಂಗಸಿಗೆ ಯಾವ ದೊರೆಯೂ ಜಹಗೀರು ಕೊಟ್ಟಿರಲಿಲ್ಲ. ಆದ್ದರಿಂದ ಯಾವ ದೊರೆ ಬಿದ್ದರೂ ಅವಳ ಸೂಜಿ ನಿಲ್ಲಲಿಲ್ಲ. ಇಂಗ್ಲಿಷರು ಬಂದರು, ನಿಜಾಮರು ಬಂದರು, 1948ರಲ್ಲಿ ಅವರೂ ಹೋದರು. ಇಷ್ಟೆಲ್ಲ ಕಂಡ ಕೌದಿಯನ್ನು ಈಗ ಮೂಲೆಗೆ ಒಗೆಯುತ್ತಿರುವದು ಪರಕೀಯರಲ್ಲ, ಮನೆಯ ಮಗ!

ಅವನು ಅದರ ಬದಲು ತರುವದಾದರೂ ಏನು? ಅಗ್ಗದ ಹೊದಿಕೆಗಳ ವ್ಯಾಪಾರಕ್ಕೆ ಹರಿಯಾಣದ ಪಾನಿಪತವು ಹೆಸರಾದ ಸ್ಥಳ. ಪಾಶ್ಚಾತ್ಯ ದೇಶಗಳವರು ತೊಟ್ಟು ಬಿಟ್ಟ ಬಟ್ಟೆಗಳು ಅಲ್ಲಿಗೆ ಹಡಗುಗಟ್ಟಲೆ ಬರುತ್ತವೆ. ಯಂತ್ರಗಳಲ್ಲಿ ಅವನ್ನು ಹರಿದು, ಎಳೆ ಬಿಡಿಸಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಅದು ಉದ್ಯೋಗ; ಅದನ್ನು ನಾವು ಹಳಿಯುವದಿಲ್ಲ. ಆದರೆ ಅಪರಿಚಿತರ ಚಿಂದಿಯನ್ನು ಯಂತ್ರವು ಹೊಸದೆಂದು ಮಾಡಿಕೊಟ್ಟರೆ ಹಣ ಕೊಟ್ಟು ಹೊದೆಯುವ ಗೃಹಸ್ಥನು, ಹಡೆದವ್ವನ ಸೀರೆಯ ಚಿಂದಿಯನ್ನು ಅವಳ ಕೈಯೇ ಹೊಸದು ಮಾಡಿದರೆ ಅತಿಥಿಗಳೆದುರು ಬಚ್ಚಿಡುತ್ತಾನೆ. ಇಳಕಲ್ಲ ಸೀರೆಗೆ ಸರಕಾರವು ಭೌಗೋಳಿಕ ಗುರುತಿನ ಮುದ್ರೆ ಒತ್ತಿದೆ, ಸಂತೋಷ. ಅದೇ ಸೀರೆ ಹರಿದು ಕೌದಿಯಾದೊಡನೆ ಅದರ ಕುಲವು ಕೆಟ್ಟಿತೇ?

ಕೆಲವರು ಅನ್ನುವರು: ಇದು ಬಡತನವನ್ನು ಹೊಗಳುವ ಮಾತು; ಹೊಟ್ಟೆ ತುಂಬಿದವರಿಗೆ ಹರಕಿನಲ್ಲಿ ಸೌಂದರ್ಯ ಕಾಣುತ್ತದೆ; ಹರಕನ್ನು ಹೊದ್ದವನನ್ನು ಕೇಳಿರಿ, ಎಂದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಕೌದಿ ಹುಟ್ಟಿದ್ದು ಇಲ್ಲದಿರುವಿಕೆಯಿಂದ. ಸಿದ್ದಿ ಹೆಂಗಸಿಗೆ ಜಮೀನಿನ ಪಟ್ಟಾ ಬೇಕು, ಮಕ್ಕಳಿಗೆ ಶಾಲೆ ಬೇಕು, ದವಾಖಾನೆ ಬೇಕು. ನ್ಯೂಯಾರ್ಕಿನ ಗೋಡೆಯಿಂದ ಅವಳ ಮನೆಯ ಮಾಡು ಸೋರುವದು ನಿಲ್ಲಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ ಅದು ವಿಸ್ತರಿಸಿದ್ದು 2020ರಲ್ಲಿ. ತಳವಾರ, ಪರಿವಾರ ಎಂಬ ಹೆಸರುಗಳನ್ನು ನಾಯಕರ ಪರ್ಯಾಯಪದಗಳೆಂದು ಸೇರಿಸಿದ ತಿದ್ದುಪಡಿಯೇ ಅದು. ನಮ್ಮ ಭಾಗದ ಕಂದಾಯ ಅಧಿಕಾರಿಗಳಿಗೆ ಅದರ ಪರಿಚಯವನ್ನು ಬೇರೆ ಮಾಡಿಕೊಡಬೇಕಾದುದಿಲ್ಲ. ಅರ್ಜಿ ಹಿಡಿದು ಕಚೇರಿಯ ಮೆಟ್ಟಲು ಸವೆಸಿ ಪಡೆಯುವ ಗುರುತಿನ ಪತ್ರದ ಮಹತ್ವವನ್ನು ನಾವು ಬಲ್ಲೆವು. ಆದರೆ ಹಕ್ಕು ಕೊಡುವಾಗ ಕಲೆಯನ್ನು ಮರೆಯಬೇಕೆಂದೂ, ಕಲೆಯನ್ನು ಹೊಗಳುವಾಗ ಹಕ್ಕನ್ನು ಮರೆಯಬೇಕೆಂದೂ ಯಾವ ಶಾಸ್ತ್ರ ಹೇಳುತ್ತದೆ? ಬಡವರ ವಸ್ತುವಿಗೆ ನ್ಯಾಯವಾದ ಬೆಲೆ ಕೊಡುವದು ಬಡತನದ ಹೊಗಳಿಕೆಯಲ್ಲ. ಬೆಲೆ ಕೊಡದೆ ಜಾನಪದವೆಂದು ಭಾಷಣ ಮಾಡುವದು ಮಾತ್ರ ಅಂಥ ಹೊಗಳಿಕೆ.

ಬೆಲೆಯ ಪ್ರಶ್ನೆಯು ಸುಲಭದ್ದಲ್ಲವೆಂಬುದಕ್ಕೆ ಅಮೇರಿಕೆಯ ಉದಾಹರಣೆಯೊಂದಿದೆ. ಅಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಅರಳೆಯ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಮೊಮ್ಮಕ್ಕಳು ಮರಿಮಕ್ಕಳಾದ ಹೆಂಗಸರು ಸವೆದ ಕೆಲಸದ ಪಾಯಜಾಮೆಗಳಿಂದ ಕೌದಿಗಳನ್ನು ಹೊಲಿಯುತ್ತಿದ್ದರು. 2002ರಲ್ಲಿ ಅವು ಹ್ಯೂಸ್ಟನ್, ನ್ಯೂಯಾರ್ಕ್ ನಗರಗಳ ದೊಡ್ಡ ಮ್ಯೂಜಿಯಮ್ಮುಗಳನ್ನು ಸೇರಿದವು. 2006ರಲ್ಲಿ ಅಲ್ಲಿಯ ಸರಕಾರವು ಅವುಗಳ ಚಿತ್ರವಿರುವ ಅಂಚೆ ಚೀಟಿಗಳನ್ನು ಹೊರಡಿಸಿತು. ಮರುವರ್ಷವೇ ಹೊಲಿದವರಲ್ಲಿ ಕೆಲವರು, ತಮಗೆ ಸಲ್ಲತಕ್ಕ ಪಾಲು ಸಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. ದಾವೆಯು ರಾಜಿಯಲ್ಲಿ ಮುಗಿಯಿತು. ಅಲ್ಲಿ ಸರಿ ಯಾರದು, ತಪ್ಪು ಯಾರದು ಎಂಬ ವಿಚಾರಣೆಗೆ ನಾವು ಇಳಿಯುವದಿಲ್ಲ. ಹೊಲಿದವಳ ಹೆಸರು, ಅವಳ ಕೂಲಿ, ಮಾರಾಟದ ಹಣದಲ್ಲಿ ಅವಳ ಭಾಗ, ಇವುಗಳನ್ನು ಮೊದಲ ದಿನವೇ ಕಾಗದದ ಮೇಲೆ ಬರೆದಿಡದಿದ್ದರೆ ಕೀರ್ತಿ ಬಂದ ಮೇಲೆ ಜಗಳವೂ ಬರುವದೆಂಬುದು ಸ್ಪಷ್ಟ.

ಆದ್ದರಿಂದ ಜಿಲ್ಲೆಯ ಅಧಿಕಾರಿಗಳ ಎದುರಿಗೆ ಒಂದೆರಡು ಸೂಚನೆಗಳನ್ನಿಡುತ್ತೇವೆ. 2009ರ ಡಿಸೆಂಬರ ತಿಂಗಳಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದಂದಿನಿಂದ ಇಲ್ಲಿ ಪ್ರವಾಸಿ ಮಂದಿರಗಳಿಗೂ ವಿದ್ಯಾರ್ಥಿಗಳ ವಸತಿನಿಲಯಗಳಿಗೂ ಹಾಸಿಗೆ ಹೊದಿಕೆಗಳ ಖರೀದಿ ಬೇಕಾಗುತ್ತಲೇ ಇರುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಎಲ್ಲ ತಾಲೂಕುಗಳ ಸ್ತ್ರೀ ಸ್ವಸಹಾಯ ಸಂಘಗಳ ಕೌದಿಗಳಿಗೆ ಮೀಸಲಿಡಲಿ. ಟೆಂಡರಿನ ಕಾಗದಪತ್ರಗಳಿಗೆ ಹೆದರಿ ಹೆಂಗಸರು ಹಿಂದೆ ಸರಿಯದಂತೆ ಸಂಜೀವಿನಿ ಯೋಜನೆಯ ಸಿಬ್ಬಂದಿಯವರು ನೋಡಿಕೊಳ್ಳಲಿ. ಬೆಲೆಯನ್ನು ಬಟ್ಟೆಯ ತೂಕದಿಂದ ಕಟ್ಟದೆ, ಹೊಲಿಗೆಗೆ ಹಿಡಿದ ದಿನಗಳಿಂದ ಕಟ್ಟಲಿ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವವಳ ದಿನಗೂಲಿಗಿಂತ ಹೊಲಿಯುವವಳ ದಿನಗೂಲಿ ಕಡಿಮೆಯಾಗಬಾರದು. ಪ್ರತಿಯೊಂದು ಕೌದಿಯ ಮೂಲೆಯಲ್ಲಿ ಹೊಲಿದವಳ ಹೆಸರು, ಊರು, ಇಸವಿಗಳನ್ನು ದಾರದಲ್ಲಿಯೇ ಬರೆಯಿಸಲಿ. ಸುರಪುರದ ಚಿತ್ರಗಳಿಗಾಗಿ ಯಾವಾಗ ಪ್ರದರ್ಶನ ಏರ್ಪಟ್ಟರೂ ಎದುರಿನ ಗೋಡೆಯನ್ನು ಕೌದಿಗಳಿಗೆ ಬಿಟ್ಟುಕೊಡಲಿ. ಯಲ್ಲಾಪುರದ ಕಡೆಯ ಸಿದ್ದಿ ಸೋದರಿಯರನ್ನು ದಾರಿಖರ್ಚು ಕೊಟ್ಟು ಕರೆಸಲಿ. ಒಂದು ಊರಿನ ಸೂಜಿ ಇನ್ನೊಂದು ಊರಿನ ಸೂಜಿಯನ್ನು ಕಂಡು ಕಲಿಯುವದು ಬಹಳ ಇರುತ್ತದೆ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಒಂದು ಸನ್ಮಾನ ಸಮಾರಂಭದ ಹಾರ ತುರಾಯಿಗಳ ಖರ್ಚಿನಲ್ಲಿ ಇದರ ಪ್ರಾರಂಭ ಆದೀತು.

ಹಾಗೆಂದು ಎಲ್ಲವನ್ನೂ ಸರಕಾರದ ಮೇಲೆ ಹೊರಿಸುವದೂ ಸರಿಯಲ್ಲ. ಆ ರಾತ್ರಿ ಬಾಯಿ ಬಿಡದ ನಮ್ಮ ಮೇಲೂ ಸ್ವಲ್ಪ ಭಾರವಿದೆ. ನಮ್ಮ ಕಚೇರಿಯ ಪಡಸಾಲೆಗೆ ಒಂದು ಕೌದಿಯನ್ನು ಹೊಲಿದುಕೊಡಬೇಕೆಂದೂ, ಕೂಲಿ ಎಷ್ಟೆಂಬುದನ್ನು ಮೊದಲೇ ತಿಳಿಸಬೇಕೆಂದೂ ಸುರಪುರದ ಆ ಮಾತೃಶ್ರೀಯವರಿಗೆ ಮಿತ್ರರ ಮುಖಾಂತರ ಹೇಳಿ ಕಳಿಸಿದ್ದೆವು. ಕೂಲಿಯ ಮಾತಿಗೆ ಇನ್ನೂ ಉತ್ತರ ಬಂದಿಲ್ಲ. ನಮ್ಮ ಮನೆಯಲ್ಲಿ ಹಳೆಯ ಬಟ್ಟೆಗಳಿದ್ದರೆ, ಅದರಲ್ಲಿಯೂ ನೂಲಿನವು, ಒಗೆದು ಕಳಿಸಬೇಕೆಂದು ಮಾತ್ರ ಅಪ್ಪಣೆಯಾಗಿದೆ. ಎರಡು ಧೋತರ, ಒಂದು ಹರಿದ ಅಂಗಿ, ತೀರಿಕೊಂಡ ನಮ್ಮ ತಾಯಿಯವರ ಒಂದು ಸೀರೆ, ಇಷ್ಟನ್ನು ಗಂಟು ಕಟ್ಟಿಟ್ಟಿದ್ದೇವೆ. ಬರುವ ಸೋಮವಾರ ಮಿತ್ರರೇ ಬಂದು ಒಯ್ಯುವವರಿದ್ದಾರೆ.